ವಿಶ್ವೇಶ್ವರಯ್ಯನವರ ಜೀವಿತವೂ ಶಕ್ತಿಯ ಮಿತವ್ಯಯವೂ

ಬೇಡಕಿಹಾಳದ ಸುತ್ತಲಿನ ಬಯಲಿನಲ್ಲಿ ಕಬ್ಬು ಕಡಿಯುವ ಸುಗ್ಗಿ ಆರಂಭವಾಯಿತೆಂದರೆ ನಮ್ಮ ಸಭೆಗಳಲ್ಲಿ ಆದಿತ್ಯವಾರದ ಆರಾಧನೆಗೆ ಕೂಡುವವರು ಕಡಿಮೆಯಾಗುವದುಂಟು. ಕೂಡಿದವರಲ್ಲಿಯೂ ಅನೇಕರು ಗೋಡೆಗೆ ಬೆನ್ನು ಹಚ್ಚಿ ಕೂತ ಸ್ವಲ್ಪ ಹೊತ್ತಿನಲ್ಲಿಯೇ ತೂಕಡಿಸುವರು. ಮುಂಚೆ ನಾವು ಅವರನ್ನು ಗದರಿಸುತ್ತಿದ್ದೆವು, ಈಗ ಗದರಿಸುವದಿಲ್ಲ. ಯಾಕಂದರೆ ಕೆಲವು ವರುಷಗಳ ಹಿಂದೆ ಇಂಥ ಒಂದು ಸುಗ್ಗಿಯಲ್ಲಿ ನಾವೇ ನಾಲ್ಕು ಊರುಗಳ ರಾತ್ರಿಕೂಟಗಳನ್ನು ಒಬ್ಬರೇ ನಡಿಸುವೆವೆಂದು ಹೊರಟು, ಉಂಡರೆ ಉಂಡೆವು, ಇಲ್ಲದಿದ್ದರೆ ಇಲ್ಲವೆಂಬಂತೆ ಸೈಕಲ್ಲಿನ ಮೇಲೆ ತಿರುಗಿ, ನಡುರಾತ್ರಿ ಮೀರಿದ ಮೇಲೆ ಮಲಗಿ, ಕೋಳಿ ಕೂಗುವದಕ್ಕಿಂತ ಮುಂಚೆ ಎದ್ದು, ಇದೇ ಶ್ರದ್ಧೆಯ ಗುರುತೆಂದು ಮನಸ್ಸಿನಲ್ಲಿ ಹಿಗ್ಗುತ್ತಿದ್ದೆವು. ಮೂರನೆಯ ವಾರದಲ್ಲಿ, ಪಿಂಚಣಿಯ ಕಾಗದವನ್ನು ಓದಿಸಿಕೊಳ್ಳುವದಕ್ಕೆ ಬಂದ ಒಬ್ಬ ಅಜ್ಜಿಯ ಮೇಲೆ ಕಾರಣವಿಲ್ಲದೆ ಸಿಟ್ಟಾಗಿ, ಆಡಬಾರದ ಮಾತನ್ನಾಡಿದೆವು. ಮರುದಿನ ಜ್ವರ ಬಂದಿತು. ಹದಿನೈದು ದಿನ ಹಾಸಿಗೆ ಹಿಡಿದೆವು. ಆ ಅಜ್ಜಿಯೇ ಅಂಬಲಿ ಕಾಸಿ ತಂದುಕೊಟ್ಟಳು. ನಾಲ್ಕು ಊರುಗಳ ಕೂಟಗಳೂ ನಿಂತುಹೋದವು.

ಹಾಸಿಗೆಯಲ್ಲಿದ್ದ ಆ ದಿವಸಗಳಲ್ಲಿ ನಾವು ಓದಿದ್ದು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಚರಿತ್ರೆಯನ್ನು. ಅವರು ಅಣೆಕಟ್ಟು ಕಟ್ಟಿಸಿದ ಇಂಜಿನಿಯರರೆಂದೂ ಮೈಸೂರಿನ ದಿವಾನರೆಂದೂ ನಮ್ಮ ಶಾಲೆಯ ಹುಡುಗರು ಸಹ ಬಲ್ಲರು. ಆದರೆ ನೂರು ವರುಷ ಬಾಳಿ, ತೊಂಬತ್ತು ಮೀರಿದ ಮೇಲೆಯೂ ದುಡಿಯುತ್ತಿದ್ದ ಆ ದೇಹದ ಶಕ್ತಿಯು ಎಲ್ಲಿಂದ ಬಂತು, ಅದನ್ನು ಅವರು ಹೇಗೆ ಕಾಪಾಡಿಕೊಂಡರು ಎಂಬದನ್ನು ಆಗ್ಗೆ ನಾವು ಮೊದಲನೆಯ ಸಾರಿ ವಿಚಾರಿಸಿದೆವು. ಆ ದೃಷ್ಟಿಯಿಂದಲೇ ಅವರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಅವರು ಕ್ರಿ. ಶ. 1861ನೆಯ ಸೆಪ್ಟೆಂಬರ 15ನೆಯ ತಾರೀಖಿನಲ್ಲಿ, ನಂದಿಬೆಟ್ಟದ ಹತ್ತಿರದ ಮುದ್ದೇನಹಳ್ಳಿಯೆಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ಹಣವಂತರಲ್ಲ. ಮಗನು ಇನ್ನೂ ಬಾಲಕನಾಗಿರುವಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಮೊದಲಿನ ಪಾಠಗಳಾದ ಮೇಲೆ ಹುಡುಗನು ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಶ್ರಯಕ್ಕೆ ಬಂದು, ಅಲ್ಲಿಯ ವೆಸ್ಲಿಯನ್ ಮಿಶನ್ ಹೈಸ್ಕೂಲಿನಲ್ಲಿ ಕಲಿತು, ಬಳಿಕ ಸೆಂಟ್ರಲ್ ಕಾಲೇಜಿಗೆ ಸೇರಿದನು. ಮಾವನ ಮನೆಯಲ್ಲಿಯೂ ಸಂಪತ್ತಿರಲಿಲ್ಲವಾದದರಿಂದ, ಕೊಡಗಿನವರ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳಿ, ಅವರ ಮನೆಯಲ್ಲಿ ಮಲಗಿ, ಊಟಕ್ಕೆ ಮಾವನ ಮನೆಗೆ ನಡೆದು ಹೋಗಿಬರುತ್ತಿದ್ದನು. ನಡೆಯುವದು ಆಗ ಅವನಿಗೆ ಬಡತನದ ಕಾರಣದಿಂದ ಬಂದದ್ದು. ಮುಂದೆ ಸರ್ಕಾರದ ಗಾಡಿಗಳೂ ಮೋಟಾರುಗಳೂ ಬಾಗಿಲಲ್ಲಿ ನಿಂತಿರುವ ಕಾಲದಲ್ಲಿಯೂ ಅವರು ನಡೆಯುವದನ್ನು ಬಿಡಲಿಲ್ಲ.

1881ರಲ್ಲಿ ಬಿ.ಎ. ಪರೀಕ್ಷೆಯಾಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ಸಾಯನ್ಸ್ ಕಾಲೇಜಿನಲ್ಲಿ ಇಂಜಿನಿಯರಿಂಗ ಕಲಿತು 1883ರಲ್ಲಿ ಮೊದಲನೆಯವರಾಗಿ ಉತ್ತೀರ್ಣರಾಗಿ, ಮರುವರುಷ ಮುಂಬಯಿ ಇಲಾಖೆಯ ಲೋಕೋಪಯೋಗಿ ಖಾತೆಯಲ್ಲಿ ಅಸಿಸ್ಟೆಂಟ ಇಂಜಿನಿಯರರಾದರು. ಈ ನಮ್ಮ ಸೀಮೆಯೂ ಆಗ ಆ ಇಲಾಖೆಯೊಳಗೇ ಇತ್ತೆಂಬದನ್ನು ಜ್ಞಾಪಿಸಬೇಕು. ನಾಸಿಕ, ಖಾನದೇಶ, ಧುಳೆ, ಸಿಂಧದ ಸಕ್ಕರ, ಪುಣೆ ಹೀಗೆ ಅವರ ಕೆಲಸವು ಸ್ಥಳದಿಂದ ಸ್ಥಳಕ್ಕೆ ಹೋಯಿತು. ಕೊಲ್ಲಾಪುರ, ಬೆಳಗಾವಿ, ಧಾರವಾಡ, ವಿಜಾಪುರ ಮೊದಲಾದ ಊರುಗಳ ಕುಡಿಯುವ ನೀರಿನ ವಿಷಯವಾಗಿಯೂ ಅವರ ಸಲಹೆ ದೊರೆಯಿತು.

ಈ ಇಪ್ಪತ್ತುನಾಲ್ಕು ವರುಷಗಳ ಕೆಲಸದಲ್ಲಿ ಹೆಚ್ಚಿನದು ನೀರಿನ ಕೆಲಸವೇ. ಅದರಲ್ಲಿ ಎರಡು ಸಂಗತಿಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಯಾಕಂದರೆ ಅವರು ನೀರನ್ನು ಬಳಸಿದ ರೀತಿಗೂ ತಮ್ಮ ಮೈಯ ಶಕ್ತಿಯನ್ನು ಬಳಸಿದ ರೀತಿಗೂ ಬಹಳ ಹೋಲಿಕೆಯುಂಟೆಂದು ನಮಗೆ ತೋರುತ್ತದೆ.

ಮೊದಲನೆಯದು ಕಾಲಿವೆಯ ನೀರು. ದಖ್ಖನಿನ ಬರಗಾಲದ ಸೀಮೆಗೆಂದು ಸರ್ಕಾರದವರು ಬಹಳ ವೆಚ್ಚ ಮಾಡಿ ಕಾಲಿವೆಗಳನ್ನು ತೆಗೆದರು. ಆದರೆ ಕಾಲಿವೆಯ ತಲೆಯ ಕಡೆಯಲ್ಲಿ ಹೊಲವುಳ್ಳವರು ನೀರನ್ನೆಲ್ಲಾ ಕಬ್ಬಿಗೆ ಎಳೆದುಕೊಂಡದ್ದರಿಂದ, ಕೊನೆಯಲ್ಲಿದ್ದವರ ಪಾಲಿಗೆ ನೀರಿಲ್ಲದೆ ಹೋಯಿತು. ನೀರು ಹೆಚ್ಚಾದ ಹೊಲಗಳಲ್ಲಿಯೋ ತೇವವು ಇಂಗದೆ ನಿಂತು ಭೂಮಿ ಕೆಟ್ಟಿತು. ಇದನ್ನು ನಾವು ಯಾರಿಗೂ ವಿವರಿಸಬೇಕಾದದ್ದಿಲ್ಲ. ಕೃಷ್ಣೆ, ದೂಧಗಂಗೆಗಳ ದಂಡೆಯಲ್ಲಿ ಸವಳು ಬಿದ್ದು ಬೆಳ್ಳಗಾದ ಹೊಲಗಳನ್ನು ನಮ್ಮ ವಾಚಕರು ನಿತ್ಯವೂ ನೋಡುತ್ತಾರೆ. ಅಪ್ಪನ ಕಾಲದಲ್ಲಿ ಚೀಲಗಟ್ಟಲೆ ಜೋಳ ಕೊಟ್ಟ ಕರೀ ನೆಲವು, ಮಗನು ವರುಷವರುಷವೂ ಕಬ್ಬು ಹಚ್ಚಿ ಬೇಕಾದದ್ದಕ್ಕಿಂತ ಹೆಚ್ಚು ನೀರು ಹಾಯಿಸಿದ್ದರಿಂದಲೇ ಬಂಜೆಯಾಯಿತು. ನೀರು ಕಡಿಮೆಯಾಗಿ ಕೆಟ್ಟ ಹೊಲಕ್ಕೆ ಮುಂದಿನ ಮಳೆಯ ಆಸೆ ಇದೆ. ನೀರು ಹೆಚ್ಚಾಗಿ ಕೆಟ್ಟದ್ದನ್ನು ಸುಧಾರಿಸುವದು ಬಲು ಕಷ್ಟ.

ವಿಶ್ವೇಶ್ವರಯ್ಯನವರು 1899ರಲ್ಲಿ ಇದಕ್ಕೆ ಒಂದು ಕ್ರಮವನ್ನು ಸೂಚಿಸಿದರು. ಅದಕ್ಕೆ ಬ್ಲಾಕ್ ಪದ್ಧತಿಯೆಂದು ಹೆಸರಾಯಿತು. ಕಾಲಿವೆಯ ಕೆಳಗಿನ ಭೂಮಿಯನ್ನು ತುಂಡುತುಂಡಾಗಿ ಗೊತ್ತು ಮಾಡಿ, ಒಂದೊಂದು ತುಂಡಿನಲ್ಲಿ ಒಂದು ಭಾಗಕ್ಕೆ ಮಾತ್ರವೇ ಕಬ್ಬು. ಉಳಿದ ಭಾಗಗಳಿಗೆ ಕಡಿಮೆ ನೀರು ಬೇಡುವ ಬೆಳೆಗಳು. ಕಬ್ಬು ಇದ್ದ ಸ್ಥಳಕ್ಕೆ ಮುಂದಿನ ಸರದಿಯಲ್ಲಿ ಬೇರೆ ಬೆಳೆ. ಹೀಗೆ ನೀರು ಹೆಚ್ಚು ಊರುಗಳಿಗೆ ಮುಟ್ಟುವದಲ್ಲದೆ ಭೂಮಿಗೂ ವಿಶ್ರಾಂತಿ ದೊರೆಯುವದು. ಪುಣೆಯ ಪತ್ರಿಕೆಗಳೂ ಭೂಮಿವಂತರೂ ಮೊದಲು ಬಹಳ ವಿರೋಧಿಸಿದರು. ಅವರು ವಿರೋಧಿಗಳನ್ನು ಕಂಡು, ಕೂತು ಮಾತಾಡಿ, ಲೆಕ್ಕವನ್ನು ಮುಂದಿಟ್ಟು ಒಪ್ಪಿಸುವ ಪ್ರಯತ್ನ ಮಾಡಿದರು.

ಎರಡನೆಯದು ಪುಣೆಯ ಹತ್ತಿರದ ಖಡಕವಾಸಲೆಯ ಕೆರೆಯ ಬಾಗಿಲುಗಳು. ಕಟ್ಟೆಯನ್ನು ಎತ್ತರಿಸದೆ ಇನ್ನಷ್ಟು ನೀರನ್ನು ಹಿಡಿಯಬೇಕಾಗಿತ್ತು. ಅವರು ಒಂದು ವಿಧವಾದ ಬಾಗಿಲುಗಳನ್ನು ಕಲ್ಪಿಸಿದರು. ಗೊತ್ತಾದ ಮಟ್ಟದ ವರೆಗೆ ಆ ಬಾಗಿಲುಗಳು ಮುಚ್ಚಿಕೊಂಡು ನೀರನ್ನು ಕಾಯುವವು. ಪ್ರವಾಹ ಬಂದು ಮಟ್ಟ ಮೀರಿತೆಂದರೆ ಯಾರ ಕೈಯೂ ತಾಕದೆ ತಾವೇ ತೆರೆದುಕೊಳ್ಳುವವು. ಇಳಿದ ಮೇಲೆ ತಾವೇ ಮುಚ್ಚಿಕೊಳ್ಳುವವು. 1903ರಲ್ಲಿ ಅವುಗಳನ್ನು ಅಲ್ಲಿ ಕೂಡ್ರಿಸಿದರು. ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಮುಂದೆ ಗ್ವಾಲಿಯರ ಸೀಮೆಯ ಟಿಗ್ರಾ ಕಟ್ಟೆಯಲ್ಲಿಯೂ ಕಾವೇರಿಯ ಕೃಷ್ಣರಾಜಸಾಗರದಲ್ಲಿಯೂ ಇಂಥವೇ ಬಂದವು.

ಈಗ ಅವರ ದಿನಚರಿಯನ್ನು ನೋಡೋಣ. ಅದರಲ್ಲಿ ಆಶ್ಚರ್ಯವಾದದ್ದು ಯಾವದೂ ಇಲ್ಲ. ಮದ್ದಿಲ್ಲ, ಗುಟ್ಟಿಲ್ಲ, ಕಠಿಣವಾದ ವ್ರತವಿಲ್ಲ. ಗೊತ್ತಾದ ಹೊತ್ತಿಗೆ ಏಳುವದು, ಗೊತ್ತಾದ ಹೊತ್ತಿಗೆ ಮಲಗುವದು, ಮಿತವಾಗಿ ಉಣ್ಣುವದು, ಮಳೆ ಚಳಿ ಎನ್ನದೆ ದಿನಾಲು ನಡೆಯುವದು. ನಾಳೆ ಮಾಡತಕ್ಕ ಕೆಲಸವನ್ನು ಮುಂಚಿತವಾಗಿಯೇ ಯೋಚಿಸಿ ಬರೆದಿಟ್ಟುಕೊಳ್ಳುವದು. ಯಾರಿಗೆ ಎಷ್ಟು ಹೊತ್ತಿಗೆ ಬರುವೆನೆಂದು ಹೇಳಿದರೋ ಅಷ್ಟು ಹೊತ್ತಿಗೆ ಬರುವದು, ಬಂದವರಿಗೂ ಅದೇ ನಿಯಮವನ್ನು ಹಾಕುವದು. ಉಡಿಗೆಯಲ್ಲಿ ಸಹ ಅಲಕ್ಷ್ಯವಿರಲಿಲ್ಲ; ಮುಪ್ಪಿನಲ್ಲಿಯೂ ಮೈಸೂರು ಪೇಟ, ಕೋಟುಗಳಿಂದ ಸಿದ್ಧರಾಗಿ, ನೆಟ್ಟಗೆ ಕೂತಿರುತ್ತಿದ್ದರು.

ಇದನ್ನು ಓದಿ ಹಾಸಿಗೆಯಲ್ಲಿದ್ದ ನಮಗೆ ಮೊದಲು ಸ್ವಲ್ಪ ಬೇಸರವೇ ಆಯಿತು. ಇಷ್ಟೇಯೋ ಅನಿಸಿತು. ಆದರೆ ಎರಡನೆಯ ಸಾರಿ ಯೋಚಿಸಿದಾಗ ತಿಳಿದದ್ದೇನಂದರೆ, ನಮ್ಮ ಶಕ್ತಿಯಲ್ಲಿ ದೊಡ್ಡ ಪಾಲು ಕೆಲಸಕ್ಕೆ ಹೋಗುವದಿಲ್ಲ. ಯಾವ ಕೆಲಸ ಮೊದಲು, ಯಾವದು ಬಳಿಕ ಎಂದು ತೊಳಲುವದರಲ್ಲಿ, ಬರುವೆನೆಂದು ಹೇಳಿದವರ ದಾರಿ ಕಾಯುವದರಲ್ಲಿ, ಮಾಡದೆ ಬಿಟ್ಟದ್ದರ ಚಿಂತೆಯಲ್ಲಿ, ಕಟ್ಟೆಯ ಮೇಲೆ ಕೂತು ನಡಿಸುವ ವಾದಗಳಲ್ಲಿ, ಈಚೆಗೆ ನಡುರಾತ್ರಿಯ ವರೆಗೂ ಮೊಬೈಲನ್ನು ಕಣ್ಣಿಗೆ ಹಿಡಿದುಕೊಂಡಿರುವದರಲ್ಲಿ ಅದು ಸೋರಿಹೋಗುವದು. ಒಡೆದ ಕಾಲಿವೆಯಲ್ಲಿ ಎಷ್ಟು ನೀರು ಬಿಟ್ಟರೂ ಹೊಲ ಮುಟ್ಟುವದು ಸ್ವಲ್ಪವೇ. ಅವರು ನಮಗಿಂತ ಹತ್ತು ಪಾಲು ಬಲಿಷ್ಠರಾಗಿದ್ದರೆಂದು ಹೇಳಲು ಆಧಾರವಿಲ್ಲ. ಸೋರುವ ಸ್ಥಳಗಳನ್ನು ಮುಚ್ಚಿಕೊಂಡಿದ್ದರು.

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಹಿಡಿಯಿತು. ಅವರಿಗೆ ನಿಲ್ಲಿಸುವದು ತಿಳಿದಿತ್ತು. 1908ರಲ್ಲಿ, ನಾಲ್ವತ್ತೇಳನೆಯ ವಯಸ್ಸಿನಲ್ಲಿ, ಮುಂಬಯಿ ಸರ್ಕಾರದ ಕೆಲಸವನ್ನು ತಾವಾಗಿಯೇ ಬಿಟ್ಟು, ಪರದೇಶಗಳ ಸಂಚಾರಕ್ಕೆ ಹೊರಟರು. ಅದು ಸುಮ್ಮನೆ ಮಲಗುವ ವಿಶ್ರಾಂತಿಯಾಗಿರಲಿಲ್ಲ. ನೋಡುವ, ಕಲಿಯುವ, ಬರೆದುಕೊಳ್ಳುವ ವಿಶ್ರಾಂತಿಯಾಗಿತ್ತು. ಅದೇ ವರುಷದ ಸೆಪ್ಟೆಂಬರ 28ನೆಯ ತಾರೀಖಿನಲ್ಲಿ ಹೈದರಾಬಾದಿನಲ್ಲಿ ಮೂಸಿ ನದಿಯು ಉಕ್ಕಿ ಸಾವಿರಾರು ಜನರು ಸತ್ತರು. ನಿಜಾಮ ಸರ್ಕಾರದವರು ಅವರನ್ನು ಕರಿಸಿಕೊಂಡರು. ಅವರು 1909ರಲ್ಲಿ ಅಲ್ಲಿಗೆ ಬಂದು, ಮತ್ತೊಮ್ಮೆ ಇಂಥ ಕೇಡು ಆಗದ ಹಾಗೆ ನದಿಯ ಮೇಲ್ಭಾಗದಲ್ಲಿ ನೀರು ತಡೆಯುವ ಕೆರೆಗಳ ಯೋಜನೆಯನ್ನು ಮಾಡಿಕೊಟ್ಟರು. ಅದು ಮುಗಿಯುತ್ತಲೇ ಅದೇ ವರುಷ ಮೈಸೂರಿನ ಮುಖ್ಯ ಇಂಜಿನಿಯರರಾದರು.

ಮೈಸೂರಿನ ವರುಷಗಳು ಬಹಳ ಪ್ರಸಿದ್ಧವಾದದರಿಂದ ಬೇಗ ದಾಟುವೆವು. ಕೃಷ್ಣರಾಜಸಾಗರದ ಕಟ್ಟಡವು 1911ರಲ್ಲಿ ಆರಂಭವಾಯಿತು. 1912ರಿಂದ 1918ರ ವರೆಗೆ ಅವರು ದಿವಾನರಾಗಿದ್ದ ಆರು ವರುಷಗಳಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಗಂಧದೆಣ್ಣೆಯ ಕಾರಖಾನೆ, ಸಾಬೂನಿನ ಕಾರಖಾನೆ ಇವೆಲ್ಲವೂ ಹುಟ್ಟಿದವು. ಭದ್ರಾವತಿಯ ಕಬ್ಬಿಣದ ಕೆಲಸಕ್ಕೆ ಅಸ್ತಿವಾರವಾಯಿತು.

ಆದರೆ ಒಂದು ಮಾತನ್ನು ಮುಚ್ಚಿಡುವದು ನ್ಯಾಯವಲ್ಲ. ಹಿಂದುಳಿದ ಜನರಿಗೆ ಸರ್ಕಾರದ ಉದ್ಯೋಗಗಳಲ್ಲಿ ಪಾಲು ದೊರಕಿಸುವ ವಿಚಾರಕ್ಕಾಗಿ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದನ್ನೇ ನೋಡತಕ್ಕದ್ದೆಂಬದು ವಿಶ್ವೇಶ್ವರಯ್ಯನವರ ಅಭಿಪ್ರಾಯವಾಗಿತ್ತು. ಈ ಭೇದವು ಅವರು ದಿವಾನಗಿರಿಯನ್ನು ಬಿಟ್ಟದ್ದರ ಕಾರಣಗಳಲ್ಲಿ ಒಂದು. ಇದರಲ್ಲಿ ನಾವು ಅವರ ಪಕ್ಷವನ್ನು ಹಿಡಿಯಲಾರೆವು. ನಮ್ಮ ಮಗ್ಗುಲ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1902ರಲ್ಲಿಯೇ ಉದ್ಯೋಗಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟಿದ್ದರು. ಅಂಥ ಬಾಗಿಲು ತೆರೆದದ್ದರಿಂದ ನಮ್ಮ ಜನರಲ್ಲಿ ಎಷ್ಟು ಮನೆಗಳು ಮೇಲಕ್ಕೆ ಬಂದವೆಂಬದನ್ನು ನಾವು ಬಲ್ಲೆವು. ಕಾಲಿವೆಯ ತಲೆಯಲ್ಲಿದ್ದವರೇ ನೀರನ್ನೆಲ್ಲಾ ಕುಡಿಯಬಾರದೆಂದು ಹೊಲದ ವಿಷಯದಲ್ಲಿ ಅಷ್ಟು ಚೆನ್ನಾಗಿ ಕಂಡವರು, ಉದ್ಯೋಗದ ವಿಷಯದಲ್ಲಿ ಅದನ್ನು ಯಾಕೆ ಕಾಣದೆ ಹೋದರೋ! ಆದರೂ ಅವರು ಹೊರಟ ರೀತಿಯನ್ನು ಮೆಚ್ಚಬೇಕು. ಒಪ್ಪದ ಕೆಲಸದಲ್ಲಿ ಗೊಣಗುತ್ತಾ ಕೂಡ್ರಲಿಲ್ಲ. ಹೊರಗೆ ನಿಂತು ಒಡೆಯರ ಮೇಲೆ ಪಿತೂರಿ ಮಾಡಲಿಲ್ಲ. ಬಿಟ್ಟು ಮರುವರುಷ ಲೋಕಸಂಚಾರಕ್ಕೆ ಹೊರಟು, ಜಪಾನು, ಅಮೇರಿಕಗಳನ್ನು ನೋಡಿ ಬಂದು, 1920ರಲ್ಲಿ ಹಿಂದೂದೇಶವನ್ನು ಹೊಸದಾಗಿ ಕಟ್ಟುವ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದರು. 1923ರಲ್ಲಿ ಭದ್ರಾವತಿಯ ಕಾರಖಾನೆಯು ಕಷ್ಟದಲ್ಲಿದ್ದಾಗ ಅದೇ ಮೈಸೂರು ಸರ್ಕಾರವು ಕರೆಯಲು, ಹಳೆಯದನ್ನು ಎಣಿಸದೆ ಬಂದು 1929ರ ವರೆಗೆ ಅದನ್ನು ನಡಿಸಿದರು. ಮುನಿಸನ್ನು ಹೊತ್ತುಕೊಂಡು ತಿರುಗುವದು ಎಷ್ಟು ಭಾರವೆಂಬದನ್ನು, ಸಭೆಯೊಳಗಿನ ಹಳೇ ಜಗಳಗಳನ್ನು ಕಂಡ ನಮ್ಮ ವಾಚಕರಿಗೆ ಹೇಳಬೇಕಾದದ್ದಿಲ್ಲ.

ಈ ಚರಿತ್ರೆಯನ್ನು ನಾವು ಒಂದು ಸಂಜೆ ಸಭೆಯ ಸ್ತ್ರೀಯರ ಕೂಟದಲ್ಲಿ ಹೇಳಿದೆವು. ಎಲ್ಲರೂ ಸುಮ್ಮನೆ ಕೇಳಿದರು. ಕಡೆಯಲ್ಲಿ, ತಂಬಾಕಿನ ಕೆಲಸಕ್ಕೆ ದಿನಾಲು ನಿಪ್ಪಾಣಿಗೆ ಹೋಗಿಬರುವ ಒಬ್ಬ ತಂಗಿಯು, ಆ ಸಾಹೇಬರಿಗೆ ಅಡಿಗೆ ಮಾಡಿ ಬಡಿಸುವವರು ಯಾರಿದ್ದರೆಂದು ಕೇಳಿದಳು. ನಾವು ನಿರುತ್ತರರಾದೆವು. ನಿಜವೇ. ಅವರ ಜೀವಿತದ ಬಹು ಕಾಲದಲ್ಲಿ ಹೆಂಡತಿ ಮಕ್ಕಳ ಭಾರವು ಅವರ ಮೇಲೆ ಇರಲಿಲ್ಲ. ಅಡಿಗೆಯವರೂ ಆಳುಗಳೂ ಇದ್ದರು. ಗೃಹಸುಖದ ಕೊರತೆ ಅವರಿಗೆ ದುಃಖಕರವೇ ಆಗಿದ್ದಿರಬಹುದು. ಆದರೂ ಗೊತ್ತಾದ ಹೊತ್ತಿಗೆ ಮಲಗುವದು ಅಂಥವರಿಗೆ ಸುಲಭ. ಕೊಡ ಹೊತ್ತು, ರೊಟ್ಟಿ ಬಡಿದು, ಕೂಸನ್ನು ಮಲಗಿಸಿ, ಕುಡಿದು ಬಂದ ಗಂಡನಿಗೆ ಉಣ್ಣಿಸಿ, ಮರುದಿನದ ಕೂಲಿಗೆ ಏಳತಕ್ಕವಳಿಗೆ ದಿನಚರಿಯನ್ನು ಬೋಧಿಸುವದು ಅನ್ಯಾಯ. ಕಬ್ಬು ಕಡಿಯುವವರ ಕೂಲಿಯೂ ಟನ್ನಿನ ಲೆಕ್ಕದ್ದು. ನಿಂತರೆ ಕೂಲಿಯೂ ನಿಲ್ಲುವದು.

ಆದದರಿಂದ ನಾವು ಆ ತಂಗಿಯ ಪ್ರಶ್ನೆಯನ್ನು ಮುಂದಿನ ಆದಿತ್ಯವಾರ ಗಂಡಸರ ಮುಂದೆ ಇಟ್ಟೆವು. ಒಂದು ಮನೆಯ ಶಕ್ತಿಯೂ ಒಂದು ಕೆರೆಯ ನೀರಿನಂತೆಯೇ; ಒಬ್ಬನು ತಲೆಗಾಲಿವೆಯಲ್ಲಿ ಕೂತು ತನ್ನ ವಿಶ್ರಾಂತಿಯನ್ನೆಲ್ಲಾ ತೆಗೆದುಕೊಂಡರೆ ಕೊನೆಯಲ್ಲಿದ್ದವಳ ಪಾಲು ಒಣಗುವದು. ನೀರು ತರುವದೂ ಕಟ್ಟಿಗೆ ಒಡೆಯುವದೂ ಸರದಿಯಿಂದ ಆಗಲಿ ಎಂದೆವು. ಕೆಲವರು ನಕ್ಕರು. ಇಬ್ಬರು ಮಾಡಿ ತೋರಿಸಿದರು; ಅವರ ಮನೆಗಳವರು ಈಗ ಆರಾಧನೆಯಲ್ಲಿ ತೂಕಡಿಸುವದು ಕಡಿಮೆ. ನಮ್ಮ ಕಡೆಯಿಂದ ನಾವು ರಾತ್ರಿಕೂಟಗಳನ್ನು ವಾರಕ್ಕೆ ಒಂದೇ ಊರಿಗೆ ಇಳಿಸಿ, ದೀಪ ಹಚ್ಚಿದ ಒಂದು ತಾಸಿನೊಳಗೆ ಮುಗಿಸುತ್ತೇವೆ. ನಾಲ್ಕು ವಾರಗಳಿಗೆ ನಾಲ್ಕು ಊರುಗಳೂ ಆಗುತ್ತವೆ. ಮೊದಲು ಇದನ್ನು ಸೋಮಾರಿತನವೆಂದು ಕೆಲವರು ಎಣಿಸಿದರು. ಸುಗ್ಗಿ ಮುಗಿಯುವ ವರೆಗೂ ಒಂದು ಕೂಟವೂ ತಪ್ಪಲಿಲ್ಲವೆಂಬದನ್ನು ಅವರೇ ಬಳಿಕ ಹೇಳಿದರು.

ವಿಶ್ವೇಶ್ವರಯ್ಯನವರ ಮುಪ್ಪಿನ ವಿಷಯ ಇನ್ನು ಸ್ವಲ್ಪ ಹೇಳುವದಿದೆ. ಎಪ್ಪತ್ತು ದಾಟಿದ ಮೇಲೆ, 1934ರಲ್ಲಿ, ದೇಶದ ಉದ್ಯೋಗವನ್ನೂ ಬೆಳೆಯನ್ನೂ ಮುಂಚಿತವಾಗಿ ಲೆಕ್ಕಹಾಕಿ ನಡಿಸುವ ವಿಷಯವಾಗಿ ಪುಸ್ತಕ ಬರೆದರು. ತಮ್ಮ ದುಡಿಮೆಯ ನೆನಪುಗಳನ್ನು ಬರೆದು ಪ್ರಕಟಿಸಿದ್ದು 1951ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ. ಆ ಬಳಿಕವೂ, ಬಿಹಾರದಲ್ಲಿ ಗಂಗಾನದಿಗೆ ಸೇತುವೆ ಕಟ್ಟಲು ಯಾವ ಸ್ಥಳವು ಯೋಗ್ಯವೆಂಬದನ್ನು ಗೊತ್ತು ಮಾಡುವದಕ್ಕೆ ಕರೆ ಬರಲು, ಅಷ್ಟು ದೂರ ಪ್ರಯಾಣ ಮಾಡಿ ನದಿಯ ದಂಡೆಯನ್ನು ತಾವೇ ನೋಡಿ ಸಲಹೆ ಕೊಟ್ಟರು. ಮೊಕಾಮೆಯ ಹತ್ತಿರದ ಆ ಸೇತುವೆಯ ಮೇಲೆ 1959ರಿಂದ ರೈಲೂ ಗಾಡಿಗಳೂ ಓಡಾಡತೊಡಗಿದವು. 1955ರಲ್ಲಿ ಅವರಿಗೆ ಭಾರತರತ್ನ ಪದವಿ ಬಂದಿತ್ತು.

ಬರಬರುತ್ತಾ ದೇಹವು ಕುಂದಿತು. ಕೆಲಸವನ್ನೂ ಅದಕ್ಕೆ ತಕ್ಕಷ್ಟು ಕುಂದಿಸಿಕೊಂಡರು. 1962ನೆಯ ಎಪ್ರಿಲ ತಿಂಗಳಲ್ಲಿ, ನೂರು ವರುಷ ದಾಟಿದವರಾಗಿ, ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿಯು ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿದೆ. ಅವರು ಹುಟ್ಟಿದ ಚಿಕ್ಕ ಮನೆಯನ್ನೂ ಅವರು ಬಳಸಿದ ವಸ್ತುಗಳನ್ನೂ ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ಬೆಂಗಳೂರಿನ ಕಡೆಗೆ ಹೋಗುವ ವಾಚಕರು ಚಿಕ್ಕಬಳ್ಳಾಪುರದ ದಾರಿಯಲ್ಲಿ ಇಳಿದು ನೋಡಬಹುದು.